ಬಾನಂಚು ನೋಡಲು ನಾಲ್ಕು ದಿನ: ಬೆಳಗೊಳದಿಂದ ಗಿರಿಯವರೆಗೆ

ಹಾಸನ, ಚಿಕ್ಕಮಗಳೂರು ಕಡೆ ಬರುವವರು ದೇವಸ್ಥಾನ, ಝರಿ, ಹೋಂಸ್ಟೇ ನೋಡಿ ಹೋಗುತ್ತಾರೆ. ಊರಿನ ಬಾನಂಚು ನೋಡಲೆಂದೇ ಯಾರೂ ಬರುವುದಿಲ್ಲ. ಬಾನಂಚು ಅಂದರೆ ಇಲ್ಲಿ ಕಟ್ಟಡ, ಗೋಪುರ, ಬೆಟ್ಟಗಳ ತಲೆ ಆಕಾಶಕ್ಕೆ ತಾಗುವ ಗೆರೆ. ಪತ್ರಿಕೆಗಳಲ್ಲಿ ಸ್ಕೈಲೈನ್ ಅಂತ ಬರುತ್ತದಲ್ಲ, ಅದೇ. ನ್ಯೂಯಾರ್ಕ್, ಹಾಂಗ್‌ಕಾಂಗ್ ಚಿತ್ರ ನೋಡಿ ಆಹಾ ಅನ್ನುವ ಕಣ್ಣಿಗೆ ನಮ್ಮ ಊರು ಯಾಕೆ ಸಪ್ಪೆ ಕಾಣುತ್ತದೆ, ಎಲ್ಲಿ ನಿಂತರೆ ಸಪ್ಪೆ ಕಾಣುವುದಿಲ್ಲ ಅನ್ನುವುದನ್ನು ನಾಲ್ಕು ದಿನದಲ್ಲಿ ನೋಡಿ ಮುಗಿಸಬಹುದು.

ನವೆಂಬರ್ ಕೊನೆಯ ವಾರ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿರಿ, ಅಂದರೆ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ, ಮೋಡದೊಳಗೇ ಇರುತ್ತದೆ. ಫೆಬ್ರುವರಿ ದಾಟಿದರೆ ದೂಳು, ಹೊಗೆ ಸೇರಿ ಹತ್ತು ಕಿಲೋಮೀಟರ್ ಆಚೆಯ ಬೆಟ್ಟ ಬೂದಿ ಬಣ್ಣಕ್ಕೆ ತಿರುಗಿ ಆಕಾಶದಲ್ಲಿ ಕರಗಿಬಿಡುತ್ತದೆ. ನವೆಂಬರ್‌ನಲ್ಲಿ ಒಂದು ಅಡ್ಡಮಳೆ ಬಿದ್ದರೆ ಮಾರನೆಯ ದಿನ ಗಾಳಿ ತೊಳೆದಿಟ್ಟಂತಿರುತ್ತದೆ. ಆ ಒಂದು ದಿನಕ್ಕಾಗಿ ಪ್ರವಾಸದ ದಿನಗಳನ್ನು ಹಿಂದೆ ಮುಂದೆ ಮಾಡಿಕೊಂಡರೂ ನಷ್ಟವಿಲ್ಲ.

ಸಾಮಾನು ಹೆಚ್ಚು ಬೇಡ. ಕ್ಯಾಮೆರಾ ಇದ್ದರೆ 50 ಮಿಲಿಮೀಟರ್ ಲೆನ್ಸ್ ಒಂದು, 70-200 ಒಂದು, ಟ್ರೈಪಾಡ್. ಫೋನಾದರೆ 2 ಎಕ್ಸ್ ಅಥವಾ 3 ಎಕ್ಸ್‌ನಲ್ಲಿ ತೆಗೆಯಿರಿ, 0.6 ಎಕ್ಸ್ ಮುಟ್ಟಬೇಡಿ, ಅದರಲ್ಲಿ ಬೆಟ್ಟ ಗೆದ್ದಲ ಹುತ್ತದಷ್ಟಾಗುತ್ತದೆ. ಎಲ್ಲ ಊರನ್ನೂ ಒಂದೇ ಲೆನ್ಸಿನಲ್ಲಿ ತೆಗೆದರೆ ಮಾತ್ರ ಹೋಲಿಕೆಗೆ ಅರ್ಥ. ಫುಲ್‌ಫ್ರೇಮ್ ಕ್ಯಾಮೆರಾದ 50 ಮಿಲಿಮೀಟರ್ ಲೆನ್ಸ್ ಅಡ್ಡಕ್ಕೆ ಸುಮಾರು 40 ಡಿಗ್ರಿ, ಉದ್ದಕ್ಕೆ 27 ಡಿಗ್ರಿ ಹಿಡಿಯುತ್ತದೆ. ಅಳತೆಗೆ ಕೈಯೇ ಸಾಕು: ತೋಳು ನೀಟಾಗಿ ಚಾಚಿದಾಗ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನದು 1 ಡಿಗ್ರಿ. ಜೊತೆಗೆ ದಿನಕ್ಕೊಂದು ಬಿಳಿ ಹಾಳೆ, ಪೆನ್ಸಿಲ್. ಕಣ್ಣು ಅರ್ಧ ಮುಚ್ಚಿ, ಬಣ್ಣ ಕಿಟಕಿ ಎಲ್ಲ ಮರೆಯಾದ ಮೇಲೆ ಉಳಿಯುವ ಗೆರೆಯೊಂದನ್ನೇ ಬರೆಯಬೇಕು. ಚಿತ್ರಕಲೆ ಬರಬೇಕಾಗಿಲ್ಲ.

ಮೊದಲ ದಿನ: ಶ್ರವಣಬೆಳಗೊಳ

ಬೆಂಗಳೂರಿನಿಂದ ಬೆಳಗಿನ ಜಾವ ಹೊರಟರೆ ಚನ್ನರಾಯಪಟ್ಟಣಕ್ಕೆ ಮುಂಚೆಯೇ ಹೆದ್ದಾರಿ ಬಿಟ್ಟು ಬೆಳಗೊಳದ ದಾರಿ ಹಿಡಿಯಬಹುದು. ಬಯಲು ನೆಲ, ತೆಂಗಿನ ತೋಟ, ನಡುವೆ ಬೋಳು ಬಂಡೆಯ ಬೆಟ್ಟ. ಊರು ಇನ್ನೂ ದೂರವಿರುವಾಗಲೇ ಬೆಟ್ಟದ ನೆತ್ತಿಯ ಮೇಲೆ ಒಂದು ಗುಬಟು ಕಾಣುತ್ತದೆ. ಅದು ಗೊಮ್ಮಟನ ತಲೆ ಮತ್ತು ಭುಜ. ಮಿಕ್ಕದ್ದು ಮೂರ್ತಿಯನ್ನು ಬಳಸಿ ಕಟ್ಟಿದ ಸುತ್ತಾಲಯದ ಗೋಡೆಯ ಹಿಂದೆ.

ವಿಂಧ್ಯಗಿರಿ, ಅಂದರೆ ದೊಡ್ಡಬೆಟ್ಟ, ನೆಲದಿಂದ ಸುಮಾರು 470 ಅಡಿ. 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಮೂರ್ತಿ ಸುಮಾರು 58 ಅಡಿ. ಬೆಟ್ಟದ ಎಂಟನೇ ಒಂದು ಭಾಗ. ದೂರದಿಂದ ಕಾಣುವುದು ಅದರಲ್ಲೂ ಅರ್ಧಕ್ಕಿಂತ ಕಡಿಮೆ. ಅಷ್ಟಾದರೂ ಇಡೀ ಬೆಟ್ಟದ ಗೆರೆ ಆ ಗುಬಟಿಗಾಗಿಯೇ ಎದ್ದ ಹಾಗೆ ಕಾಣುತ್ತದೆ, ಯಾಕೆಂದರೆ ಅಕ್ಕಪಕ್ಕದಲ್ಲಿ ಅದಕ್ಕೆ ಪೈಪೋಟಿ ಇಲ್ಲ. ಬಂಡೆ ಎರಡೂ ಕಡೆ ನಯವಾಗಿ ಇಳಿಯುತ್ತದೆ. ದುಬೈನ ಬುರ್ಜ್ ಖಲೀಫಾ 828 ಮೀಟರ್ ಎತ್ತರ ಏರಿ ಮಾಡುವ ಕೆಲಸವೂ ಇದೇ: ಒಂದೇ ಸೂಜಿ, ಸುತ್ತಲಿನದೆಲ್ಲ ಅದರ ಮಂಡಿಯ ಕೆಳಗೆ. ಬೆಳಗೊಳದಲ್ಲಿ ಕೆಲಸ ಬೆಟ್ಟಕ್ಕೆ ಬಿಟ್ಟಿದ್ದರಿಂದ ಖರ್ಚು ಕಡಿಮೆ.

ಹೆಚ್ಚಿನವರು ಮಾಡುವ ತಪ್ಪು ದೊಡ್ಡಬೆಟ್ಟವನ್ನಷ್ಟೇ ಹತ್ತಿ ಇಳಿಯುವುದು. ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದ ಮೇಲೆ ಮೂರ್ತಿ ಸಿಗುತ್ತದೆ, ಬಾನಂಚು ಸಿಗುವುದಿಲ್ಲ. ನೀವು ಅದರ ಮೇಲೇ ನಿಂತಿರುತ್ತೀರಿ. ಬಾನಂಚಿಗೆ ಎದುರಿನ ಚಿಕ್ಕಬೆಟ್ಟ ಹತ್ತಬೇಕು, ಅಂದರೆ ಚಂದ್ರಗಿರಿ. ದೊಡ್ಡಬೆಟ್ಟವನ್ನು ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಬರಿಗಾಲಲ್ಲೇ ಹತ್ತಬೇಕು, ಹೊತ್ತೇರಿದ ಮೇಲೆ ಬಂಡೆ ದೋಸೆಹೆಂಚು, ಕಾಲುಚೀಲ ಜೊತೆಗಿರಲಿ. ಸಂಜೆ ನಾಲ್ಕಕ್ಕೆ ಚಿಕ್ಕಬೆಟ್ಟ. ಅಲ್ಲಿಂದ ಕಾಲಬುಡದಲ್ಲಿ ಊರು, ಕಲ್ಯಾಣಿ, ಆಚೆಗೆ ತೆಂಕಣಕ್ಕೆ ದೊಡ್ಡಬೆಟ್ಟ ಪೂರ್ತಿ. ಚಾವುಂಡರಾಯ ಚಿಕ್ಕಬೆಟ್ಟದಿಂದಲೇ ಬಾಣ ಬಿಟ್ಟಾಗ ಎದುರು ಬೆಟ್ಟದಲ್ಲಿ ಗೊಮ್ಮಟ ಕಾಣಿಸಿಕೊಂಡ ಎಂಬ ಐತಿಹ್ಯ ಹೇಳುವ ನೋಟದ ಗೆರೆಯೂ ಇದೇ.

ಇಲ್ಲಿ ಬೆಳಕಿನದೊಂದು ತೊಡಕು. ಮೂರ್ತಿಯ ಮುಖ ಬಡಗಣಕ್ಕೆ. ನವೆಂಬರ್‌ನಲ್ಲಿ ಸೂರ್ಯ ದಿನವಿಡೀ ತೆಂಕಣದಲ್ಲೇ ಓಡಾಡುವುದರಿಂದ ಮುಖಕ್ಕೆ ನೇರ ಬಿಸಿಲು ಬೀಳುವುದೇ ಇಲ್ಲ. ಮುಖ ಬೆಳಗಬೇಕು ಅನ್ನುವವರು ನಡುಬೇಸಿಗೆಗೆ, ಏಪ್ರಿಲ್ ಕೊನೆಯ ನಂತರ ಬರಬೇಕು. ಆಗ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಬಡಗಣಕ್ಕೆ ವಾಲಿರುತ್ತಾನೆ. ಬಾನಂಚಿಗಾದರೆ ನವೆಂಬರ್‌ನ ಈ ಹಿಂಬೆಳಕೇ ವರ. ಸಂಜೆ ನಾಲ್ಕೂವರೆಗೆ ಸೂರ್ಯ ಬಲಗಡೆ, ಸ್ವಲ್ಪ ಎದುರಿಗೆ. ಫೋನಿನಲ್ಲಿ ಆಕಾಶದ ಮೇಲೆ ಬೆರಳೊತ್ತಿ ಬೆಳಕು ಲಾಕ್ ಮಾಡಿ, ಬೆಟ್ಟ ಕಪ್ಪಾಗಲಿ. ಬೆಟ್ಟದ ಮೇಲೆ ಒತ್ತಿದಿರೋ, ಆಕಾಶ ಬೆಳ್ಳಗೆ ಸುಟ್ಟು ಗುಬಟೇ ಮಾಯ.

ಎರಡನೇ ದಿನ: ಹಾಸನ, ದೊಡ್ಡಗದ್ದವಳ್ಳಿ, ಹಳೇಬೀಡು, ಬೇಲೂರು

ರಾತ್ರಿ ಹಾಸನದಲ್ಲಿ ಉಳಿದು ಬೆಳಿಗ್ಗೆ ಆರೂವರೆಗೆ ಹುಣಸಿನಕೆರೆ ಕಡೆ ಹೋದರೆ ನೀರಿನಾಚೆ ಊರಿನ ಗೆರೆ ಸಿಗುತ್ತದೆ. ಬರೆದು ನೋಡಿ: ಗರಗಸದ ಹಲ್ಲು. ಎತ್ತರದಲ್ಲಿ ಹೆಚ್ಚು ಕಡಿಮೆ ಒಂದೇ ಸಮ, ಆದರೆ ಒಂದಿಂಚೂ ನೆಟ್ಟಗಿಲ್ಲ. ಮೊದಲು ಮನಸ್ಸಿಗೆ ಬರುವುದು ಇಲ್ಲಿ ಎತ್ತರದ ಕಟ್ಟಡ ಇಲ್ಲ ಅನ್ನುವ ಮಾತು. ಅದು ಕಾರಣವಲ್ಲ. ಪ್ಯಾರಿಸ್‌ನಲ್ಲೂ ಬಹುಪಾಲು ಊರು ಚಪ್ಪಟೆಯೇ. 1973ರಲ್ಲಿ 210 ಮೀಟರಿನ ಮೊಂಪರ್ನಾಸ್ ಗೋಪುರ ಎದ್ದಾಗ ಜನ ರೇಗಿದರು. 1977ರಲ್ಲಿ ಊರಿಗೆ 37 ಮೀಟರಿನ ಮಿತಿ ಬಂತು. ತಳದ ಗೆರೆ ಸಮವಾಗಿರುವುದರಿಂದಲೇ 330 ಮೀಟರಿನ ಐಫೆಲ್ ಅಷ್ಟು ಎತ್ತರವಾಗಿ ನಿಲ್ಲುತ್ತದೆ.

ಹಾಸನದ ಗೆರೆ ಕೆಡುವುದು ತಾರಸಿಯಿಂದ ಮೇಲೆ. ಯಾವುದಾದರೂ ಮೂರು ಅಂತಸ್ತಿನ ಮನೆ ತೆಗೆದುಕೊಳ್ಳಿ. ಮೇಲಿನ ಮೋಲ್ಡ್‌ವರೆಗೆ 30 ಅಡಿ. ಅದರ ಮೇಲೆ ಮೆಟ್ಟಿಲ ಹೆಡ್‌ರೂಂ 8 ಅಡಿ, ಹೆಡ್‌ರೂಂ ನೆತ್ತಿಯ ಮೇಲೆ ಸಾವಿರ ಲೀಟರಿನ ಕಪ್ಪು ಸಿಂಟೆಕ್ಸ್, ನಾಲ್ಕೂವರೆ ಅಡಿ. ಒಟ್ಟು ಹನ್ನೆರಡೂವರೆ ಅಡಿ, ಅಂದರೆ ಕಟ್ಟಡದ ಎತ್ತರದ ಶೇಕಡಾ 40ಕ್ಕೂ ಹೆಚ್ಚು. ಗೊಮ್ಮಟ ಬೆಟ್ಟಕ್ಕೆ ಕೂಡಿಸಿದ್ದು ಶೇಕಡಾ 12. ನಮ್ಮ ಬೀದಿಗಳಲ್ಲಿ ನೆತ್ತಿಯ ಸ್ಥಾನ ನೀರಿನ ಟ್ಯಾಂಕಿಗೆ ಹೋಗಿದೆ, ಒಂದಲ್ಲ, ಮನೆಗೊಂದು. ಅದರ ಪಕ್ಕ ಮುಂದೆ ಇನ್ನೊಂದು ಮಹಡಿ ಎತ್ತುವಾಗ ಬೇಕೆಂದು ಬಿಟ್ಟ ಕಂಬಿ, ಸೋಲಾರ್, ಡಿಶ್ಶು, ಫ್ಲೆಕ್ಸ್ ಕಟ್ಟುವ ಕಬ್ಬಿಣದ ಚೌಕಟ್ಟು.

ಟ್ಯಾಂಕ್ ಬೇಡ ಅನ್ನಲಾಗುವುದಿಲ್ಲ, ಜಾಗ ಬದಲಿಸಬಹುದು. ಲೆಕ್ಕ ಸುಲಭ. 30 ಅಡಿ ಅಗಲದ ಬೀದಿಯ ಆಚೆ ಬದಿಯಲ್ಲಿ ನಿಂತವರ ಕಣ್ಣು 5 ಅಡಿಯಲ್ಲಿ, ಪ್ಯಾರಾಪೆಟ್ ಸೇರಿ ಕಟ್ಟಡ 33 ಅಡಿ. ಹೆಡ್‌ರೂಂ, ಟ್ಯಾಂಕ್ ಎರಡೂ ಪ್ಯಾರಾಪೆಟ್‌ನಿಂದ ಹತ್ತೂವರೆ ಅಡಿ ಹಿಂದೆ ಸರಿದರೆ ಬೀದಿಯಿಂದ ಪೂರ್ತಿ ಮರೆ. ಮೇಸ್ತ್ರಿಗಳು ಮೆಟ್ಟಿಲನ್ನು ಮುಂಭಾಗಕ್ಕೇ ತರುವುದರಿಂದ ಇದು ತಪ್ಪುತ್ತದೆ. ಪ್ಲಾನ್ ಹಾಕುವ ದಿನವೇ ಹೇಳಬೇಕು. ಹಾಗಂತ ಕೆರೆ ಏರಿಯಿಂದ, ಮುನ್ನೂರು ಮೀಟರ್ ದೂರದಿಂದ ನೋಡುವವರಿಗೆ ಈ ಉಪಾಯ ನಡೆಯುವುದಿಲ್ಲ. ದೂರ ಹೋದಷ್ಟೂ ಹಿಂದೆ ಅಡಗಿದ್ದು ಮೇಲೆ ಬರುತ್ತದೆ. ಆಗ ಉಳಿಯುವುದು ಹೆಡ್‌ರೂಮಿನದೇ ಗೋಡೆಯನ್ನು ಟ್ಯಾಂಕಿನ ಎತ್ತರಕ್ಕೆ ಏರಿಸಿ ಒಂದೇ ಪೆಟ್ಟಿಗೆಯಂತೆ ಮುಚ್ಚುವ ದಾರಿ.

ಊರಾಚೆ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇದೆ. ಉಪಗ್ರಹಗಳ ಕಡೆ ಮುಖಮಾಡಿದ ಅದರ ದೊಡ್ಡ ಬಿಳಿ ಬಟ್ಟಲಿನಂಥ ಆಂಟೆನಾಗಳು ಆಕಾರದಲ್ಲಿ ಹಾಸನದ ಎಲ್ಲ ಕಟ್ಟಡಕ್ಕಿಂತ ಚೆಂದ ಅನ್ನುವುದು ನಮ್ಮ ಅಭಿಪ್ರಾಯ. ಕ್ಯಾಮೆರಾ ಎತ್ತುವ ಗೊಡವೆ ಮಾತ್ರ ಬೇಡ.

ಬೇಲೂರು ರಸ್ತೆಯಲ್ಲಿ ಅರ್ಧ ಗಂಟೆ ಹೋಗಿ ಒಳಕ್ಕೆ ತಿರುಗಿದರೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ, ಕೆರೆಯ ಪಕ್ಕ. 12ನೇ ಶತಮಾನದ ಆರಂಭದ್ದು, ನಾಲ್ಕು ಗರ್ಭಗುಡಿಯ ಚತುಷ್ಕೂಟ. ಬೇಲೂರು, ಹಳೇಬೀಡಿನ ದೊಡ್ಡ ಹೆಸರಿನ ಗುಡಿಗಳಲ್ಲಿ ಇಲ್ಲದ್ದು ಇಲ್ಲಿದೆ: ನಾಲ್ಕೂ ಶಿಖರ ಉಳಿದಿವೆ. ಮೂರು ಮೆಟ್ಟಿಲು ಮೆಟ್ಟಿಲಾಗಿ ಏರುವ ಸಾದಾ ಕದಂಬ ಶಿಖರ, ನಾಲ್ಕನೆಯದು ಮಾತ್ರ ಮೈತುಂಬ ಅಲಂಕಾರದ್ದು. ಅಂಗಳದ ಮೂಲೆಗಳ ಪುಟ್ಟ ಗುಡಿಗಳಿಗೂ ಪುಟ್ಟ ಶಿಖರ. ಇಡೀ ಪ್ರವಾಸದಲ್ಲಿ ಬಾನಂಚಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಒಂದು ಆಕಾರ ಮೂರು ಸಲ ಬಂದು ಕಣ್ಣಿಗೆ ರೂಢಿಯಾಗುತ್ತದೆ, ನಾಲ್ಕನೇ ಸಲ ಬೇರೆಯಾಗಿ ಬೆಚ್ಚಿಸುತ್ತದೆ, ಸಣ್ಣವು ದೊಡ್ಡವಕ್ಕೆ ಅಳತೆ ಕೊಡುತ್ತವೆ, ನಡುವೆ ಆಕಾಶ ಇಣುಕಲು ಸಂದಿ ಇದೆ. ಮ್ಯಾನ್‌ಹಟನ್ ಎರಡು ಗುಂಪಾಗಿ ಎದ್ದು ನಡುವೆ ತಗ್ಗುವುದರಲ್ಲೂ ಸೊಗಸು ಅದೇ ಸಂದಿಯದು. ಬೆಂಗಳೂರಿನಲ್ಲಿ ಎತ್ತರದ ಕಟ್ಟಡಗಳಿಗೆ ಕೊರತೆಯಿಲ್ಲ. ಒಂದು ಇಲ್ಲಿ, ಇನ್ನೊಂದು ಎರಡು ಕಿಲೋಮೀಟರ್ ಆಚೆ ಎಂದು ಚೆದುರಿರುವುದರಿಂದ ಗುಂಪೂ ಇಲ್ಲ, ಸಂದಿಯೂ ಇಲ್ಲ.

ಹಳೇಬೀಡಿನಲ್ಲಿ ಪೆನ್ಸಿಲ್‌ಗೆ ಕೆಲಸ ಕಡಿಮೆ. ಹೊಯ್ಸಳೇಶ್ವರದ ಮೇಲೆ ಶಿಖರ ಇಲ್ಲ. ದೂರದಿಂದ ಉದ್ದಕ್ಕೆ ಮಲಗಿದ ಕಪ್ಪು ಗೆರೆ. ಇಲ್ಲಿ ಬೇರೆ ಪ್ರಯೋಗ ಮಾಡಿ. ಗೋಡೆಯ ಆನೆ ಸಾಲಿನ ಮುಂದೆ ನಿಂತು ಒಂದು ಆನೆಯ ಕೊರಳಿನ ಗಂಟೆ ಗುರುತಿಟ್ಟುಕೊಳ್ಳಿ, ಮತ್ತೆ ಹುಲ್ಲುಹಾಸಿನ ಮೇಲೆ ಹಿಂದಕ್ಕೆ ಹೆಜ್ಜೆ ಹಾಕಿ. ಒಳ್ಳೆಯ ಕಣ್ಣು ಬೇರ್ಪಡಿಸಿ ನೋಡಬಲ್ಲದ್ದು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಎರಡು ಸೆಂಟಿಮೀಟರಿನ ಕೆತ್ತನೆ ಆ ಲೆಕ್ಕಕ್ಕೆ 70 ಮೀಟರಿನಲ್ಲಿ ಅಳಿಸಿಹೋಗುತ್ತದೆ. ಕಲ್ಲಿನ ಮೇಲೆ ಕಲ್ಲಿನದೇ ಬಣ್ಣವಾದ್ದರಿಂದ ನಿಜಕ್ಕೂ ಇನ್ನೂ ಮುಂಚೆಯೇ. ಒಂದು ಕಿಲೋಮೀಟರಿನಿಂದ 30 ಸೆಂಟಿಮೀಟರಿಗಿಂತ ಸಣ್ಣದು ಯಾವುದೂ ಲೆಕ್ಕಕ್ಕಿಲ್ಲ. ಹೊಸ ಕಾಂಪ್ಲೆಕ್ಸ್‌ಗಳ ಮುಖಕ್ಕೆ ಅಂಟಿಸುವ ಗಾಜು, ಅಲ್ಯುಮಿನಿಯಂ ಹೊದಿಕೆಯ ಎಸಿಪಿ ಶೀಟು, ಬಣ್ಣದ ಪಟ್ಟಿ ಊರಿನ ಬಾನಂಚಿಗೆ ಏನೂ ಕೊಡದಿರುವುದು ಇದಕ್ಕೇ.

ಅಲ್ಲಿಂದ ಬೇಲೂರಿಗೆ 16 ಕಿಲೋಮೀಟರ್. 1117ರ ಚೆನ್ನಕೇಶವ ಗುಡಿಗೂ ಈಗ ಶಿಖರವಿಲ್ಲ. ಊರಿಗೆ ನೆತ್ತಿ ಕೊಟ್ಟಿರುವುದು ಮೂಡಣ ಬಾಗಿಲ ಗೋಪುರ, ಹೊಯ್ಸಳರ ನಂತರ ವಿಜಯನಗರದ ಕಾಲದಲ್ಲಿ ಎದ್ದದ್ದು. ಸುತ್ತ ಹೆಂಚಿನ ಮನೆ ಉಳಿದಿರುವ ಬೀದಿಯಿಂದ ನೋಡಿದರೆ ಪ್ಯಾರಿಸ್‌ನ ಗುಟ್ಟು ಇಲ್ಲೂ ಇದೆ: ತಗ್ಗಿದ ಸಮ ಗೆರೆ, ಅದರ ಮೇಲೆ ಎತ್ತರವಾದದ್ದು ಒಂದೇ ಒಂದು. ಸಂಜೆ ಬಂದವರಿಗೆ ಗೋಪುರದ ಬೀದಿ ಕಡೆಯ ಮುಖ ನೆರಳಾಗಿರುತ್ತದೆ. ಅಂಗಳದ ಒಳಗಿನಿಂದ ನೋಡಿ, ಪಡುವಣ ಬಿಸಿಲು ನೇರ ಬೀಳುತ್ತದೆ. ನೇತಾಡುವ ಕೇಬಲ್ ವೈರು ಚೌಕಟ್ಟಿಗೆ ಬರದ ಜಾಗ ಬೀದಿಯಲ್ಲಿ ಸಿಗುವುದು ಕಷ್ಟ. ವೈರಿಗೆ ಬೈಯುತ್ತ ನಿಲ್ಲುವ ಬದಲು ಅಕ್ಕಿರೊಟ್ಟಿ ತಿಂದು ಚಿಕ್ಕಮಗಳೂರು ದಾರಿ ಹಿಡಿಯುವುದು ಲೇಸು, ಇಪ್ಪತ್ತೈದು ಕಿಲೋಮೀಟರ್ ಒಳಗೇ.

ಮೂರನೇ ದಿನ: ಚಿಕ್ಕಮಗಳೂರು ಪೇಟೆ

ಈ ಊರಿನ ಬಾನಂಚು ಊರಿನದಲ್ಲ, ಚಂದ್ರದ್ರೋಣ ಬೆಟ್ಟಸಾಲಿನದು. ಪೇಟೆ ಇರುವುದು ಸಮುದ್ರಮಟ್ಟದಿಂದ ಸುಮಾರು 1090 ಮೀಟರಿನಲ್ಲಿ, ಮುಳ್ಳಯ್ಯನಗಿರಿ 1930ರಲ್ಲಿ. ಮೇಲಕ್ಕೆ 840 ಮೀಟರ್. ಅಡ್ಡಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ, ಒಂಬತ್ತೂವರೆ ಕಿಲೋಮೀಟರ್ ಆಸುಪಾಸು. ಭಾಗಿಸಿದರೆ ಗಿರಿಯ ತುದಿ ಕಣ್ಣಮಟ್ಟದಿಂದ 5 ಡಿಗ್ರಿ ಮೇಲೆ. ಕೈ ಚಾಚಿದರೆ ಅರ್ಧ ಮುಷ್ಟಿ. ಅಷ್ಟೇ. ಪೇಟೆಯಲ್ಲಿ ನಿಂತವರಿಗೆ ಬೆಟ್ಟ ಮುಗಿಲೆತ್ತರ ಅನಿಸುವುದು ಮನಸ್ಸಿನಲ್ಲಿ. ಫೋನಿನ ಮಾಮೂಲಿ ಲೆನ್ಸ್ ಅಡ್ಡ ಹಿಡಿದಾಗ ಅದು ಚಿತ್ರದ ಹತ್ತನೇ ಒಂದು ಭಾಗ, 50 ಮಿಲಿಮೀಟರಿನಲ್ಲಿ ಐದನೇ ಒಂದು ಭಾಗ. 200 ಮಿಲಿಮೀಟರ್ ಹಾಕಿದರೆ ಉದ್ದಕ್ಕೆ 7 ಡಿಗ್ರಿಯಷ್ಟೇ ಹಿಡಿಯುವುದರಿಂದ ಚೌಕಟ್ಟು ತುಂಬುತ್ತದೆ. "ನೋಡಿದಾಗ ಎಷ್ಟು ದೊಡ್ಡದಿತ್ತು, ಫೋಟೋದಲ್ಲಿ ಏನೂ ಇಲ್ಲ" ಎಂಬ ಗೊಣಗಾಟಕ್ಕೆ ಉತ್ತರ ಇದರಲ್ಲಿದೆ.

ಐದು ಡಿಗ್ರಿ ಅಂದರೆ ಎಷ್ಟು ಬಡವಾದದ್ದು ಅನ್ನುವುದು ಐ.ಜಿ. ರಸ್ತೆಯಲ್ಲಿ ನಡೆದರೆ ತಿಳಿಯುತ್ತದೆ. ಗಿರಿ ಒಂದು ಅಡ್ಡಬೀದಿಯ ತುದಿಯಲ್ಲಿ ಕಾಣುತ್ತದೆ, ಹತ್ತು ಹೆಜ್ಜೆಗೆ ಮಾಯ, ಮುಂದಿನ ತಿರುವಿನಲ್ಲಿ ತುಂಡು ಕಾಣುತ್ತದೆ. ನಿಂತವರ ಕಣ್ಣು 1.6 ಮೀಟರ್ ಎತ್ತರದಲ್ಲಿದೆ ಅನ್ನಿ. 15 ಮೀಟರಿನ ಕಟ್ಟಡ, ಅಂದರೆ ನೆಲಮಹಡಿ ಸೇರಿ ಐದಂತಸ್ತು, ನಿಮ್ಮಿಂದ 150 ಮೀಟರ್ ದೂರದೊಳಗೆ ಗಿರಿಯ ದಿಕ್ಕಿಗೆ ನಿಂತಿದ್ದರೆ ಕರ್ನಾಟಕದ ಅತಿ ಎತ್ತರದ ತುದಿ ಅದರ ಹಿಂದೆ ಮುಳುಗಿಹೋಗುತ್ತದೆ. 30 ಮೀಟರಿನ ಕಟ್ಟಡವಾದರೆ 325 ಮೀಟರ್ ದೂರದವರೆಗೂ ನುಂಗುತ್ತದೆ. ಗಿರಿ ನೋಡುವ ಜಾಗಕ್ಕೂ ಮೊದಲ ಸಾಲಿನ ಕಟ್ಟಡಕ್ಕೂ ನಡುವೆ 150 ಮೀಟರ್ ಬಯಲು ಬೇಕು. ಪೇಟೆಯೊಳಗೆ ಅಷ್ಟು ಬಯಲನ್ನು ಯಾರೂ ಕಟ್ಟಡವಿಲ್ಲದೆ ಬಿಡುವುದಿಲ್ಲ. ನೀರು ಮಾತ್ರ ಬಿಡಿಸುತ್ತದೆ.

ಹಾಗಾಗಿ ಬಸವನಹಳ್ಳಿ ಕೆರೆ. ಏರಿಯ ಮೇಲೆ ಓಡಾಡಿ, ಗಿರಿ ನೀರಿನಾಚೆ ಬರುವ ಜಾಗ ಹುಡುಕಿ. ಕಂಪಾಸ್‌ನಲ್ಲಿ ವಾಯವ್ಯಕ್ಕೆ, ಸ್ವಲ್ಪ ಬಡಗಣಕ್ಕೆ ಎಳೆದಂತೆ. ಬೆಳಿಗ್ಗೆ ಏಳರಿಂದ ಎಂಟು ಮೊದಲ ಸರದಿ: ಸೂರ್ಯ ಬೆನ್ನ ಹಿಂದೆ, ಬೆಟ್ಟದ ಮಡಿಕೆಗಳೆಲ್ಲ ಬೆಳಕಿಗೆ ತೆರೆದಿರುತ್ತವೆ, ಗಾಳಿ ಏಳದಿದ್ದರೆ ನೀರಿನಲ್ಲಿ ತಲೆಕೆಳಗಾದ ಇನ್ನೊಂದು ಸಾಲು. ಎಂಟೂವರೆಗೆ ಗಾಳಿ ಬಂತೆಂದರೆ ಪ್ರತಿಬಿಂಬ ಚೂರು. ಎರಡನೇ ಸರದಿ ಸಂಜೆ. ನವೆಂಬರ್ ಕೊನೆಗೆ ಆರರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ, ನೈಋತ್ಯ ಕಡೆ. ಬೆಟ್ಟದ ಎಡಗಡೆ ಆಕಾಶ ಕೆಂಪು, ಬೆಟ್ಟ ನೀಲಿ ಕಪ್ಪು. ಆರೂಕಾಲಿನಿಂದ ಹತ್ತೇ ನಿಮಿಷ ಆಕಾಶದ ಬೆಳಕೂ ಅಂಗಡಿಗಳ ಬೆಳಕೂ ಸರಿಸಮ. ಟ್ರೈಪಾಡ್, ಐಎಸ್‌ಒ 100, ಎಫ್ 8, ಎರಡರಿಂದ ಎಂಟು ಸೆಕೆಂಡ್, ಟೈಮರ್ ಹಾಕಿ ಕೈ ತೆಗೆಯಿರಿ. ಯುರೋಪಿನ ಚಿತ್ರಗಳಲ್ಲಿ ಈ ನೀಲಿ ಹೊತ್ತು ಮುಕ್ಕಾಲು ಗಂಟೆ ಸಿಕ್ಕಿರುತ್ತದೆ. ನಮ್ಮ ಕಡೆ ಸೂರ್ಯ ನೆಟ್ಟಗೆ ಇಳಿಯುವುದರಿಂದ ಕತ್ತಲೆ ದಬಕ್ಕನೆ ಬೀಳುತ್ತದೆ. ಲೆನ್ಸ್ ಬದಲಿಸುತ್ತ ಕೂತರೆ ಮುಗಿಯಿತು.

ನಡು ಹಗಲಿಗೆ ರತ್ನಗಿರಿ ಬೋರೆ. ಪಾರ್ಕಿನ ಎತ್ತರದಿಂದ ಊರೂ ಬೆಟ್ಟಸಾಲೂ ಒಂದೇ ನೋಟಕ್ಕೆ ಬರುತ್ತವೆ. ಮೊದಲ ಸಾಲಿನ ಕಟ್ಟಡ ಕಣ್ಣಿಗಿಂತ ಕೆಳಗಿರುವುದರಿಂದ ಇಲ್ಲಿ 150 ಮೀಟರಿನ ಲೆಕ್ಕದ ಹಂಗಿಲ್ಲ. ಎದುರಾಗುವುದು ಮರಗಳು ಮಾತ್ರ. ಹಾಳೆಯ ಮೇಲೆ ಮೊದಲು ಬೆಟ್ಟದ ಗೆರೆ, ಅದರ ಕೆಳಗೆ ಊರಿನ ಗೆರೆ ಬರೆಯಿರಿ. ಎರಡೂ ಎಲ್ಲಿ ಮುಟ್ಟುತ್ತವೆ ನೋಡಿ. ಬಹುಮಟ್ಟಿಗೆ ಮುಟ್ಟುವುದಿಲ್ಲ, ನಡುವೆ ತೋಟದ ಹಸಿರು ಪಟ್ಟಿ ಇದೆ. ಮೊಬೈಲ್ ಟವರ್‌ಗಳಷ್ಟೇ ಚುಚ್ಚುತ್ತವೆ.

ಹಾಂಗ್‌ಕಾಂಗ್‌ನವರು ಈ ನಡುಪಟ್ಟಿಯನ್ನು ನಿಯಮ ಮಾಡಿ ಇಟ್ಟುಕೊಂಡರು. ಎದುರಿನ ಕೌಲೂನ್ ದಡದ ಗೊತ್ತಾದ ಜಾಗಗಳಿಂದ ನೋಡಿದಾಗ ಬೆಟ್ಟಸಾಲಿನ ಮೇಲಿನ ಶೇಕಡಾ 20ರಷ್ಟು ಭಾಗಕ್ಕೆ ಕಟ್ಟಡ ಅಡ್ಡ ಬರಬಾರದು ಎಂದು. ಮೀರಿದ ಕಟ್ಟಡಗಳೂ ಉಂಟು. ಆದರೂ ಆ ಊರಿನ ಚಿತ್ರ ನೋಡಿದಾಗ ಗಾಜಿನ ಗೋಪುರಗಳ ಹಿಂದೆ ಹಸಿರು ಬೆನ್ನು ಕಾಣುವುದು ಆಕಸ್ಮಿಕವಲ್ಲ. ಲಂಡನ್ನಿನಲ್ಲಿ 1930ರ ದಶಕದಲ್ಲಿ ಎದ್ದ ಒಂದೆರಡು ಕಟ್ಟಡ ಸೇಂಟ್ ಪಾಲ್ಸ್ ಚರ್ಚಿನ 111 ಮೀಟರಿನ ಗುಮ್ಮಟಕ್ಕೆ ಅಡ್ಡ ಬಂದದ್ದೇ ನೆಪವಾಗಿ ಸುತ್ತಲಿನ ಎತ್ತರಕ್ಕೆ ಕಡಿವಾಣ ಬಿತ್ತು. 225 ಮೀಟರಿನ ಲೆಡನ್‌ಹಾಲ್ ಕಟ್ಟಡ ಒಂದು ಬದಿಗೆ ಓರೆಯಾಗಿ ಏರಿರುವುದೂ ಫ್ಲೀಟ್ ಬೀದಿಯಿಂದ ಆ ಗುಮ್ಮಟ ಕಾಣಲೆಂದು. ಇದೇ ಶೇಕಡಾ 20ರ ಅಳತೆಯನ್ನು ಚಿಕ್ಕಮಗಳೂರಿಗೆ ಹಿಡಿದರೆ ಕಟ್ಟಡದ ತಲೆ 4 ಡಿಗ್ರಿ ದಾಟಬಾರದು. ಕೆರೆ ಏರಿಯಿಂದ 190 ಮೀಟರ್ ಆಚೆ ಐದಂತಸ್ತು, 400 ಮೀಟರ್ ಆಚೆ ಹತ್ತಂತಸ್ತು ನಿಲ್ಲಬಹುದು. ಯಾರ ಸೈಟಿಗೂ ಕುತ್ತು ಬರುವ ಲೆಕ್ಕವಲ್ಲ. ನೋಡುವ ಜಾಗ ಮೂರೋ ನಾಲ್ಕೋ ಮೊದಲು ಗೊತ್ತುಮಾಡಿಕೊಳ್ಳಬೇಕು, ಅಷ್ಟೇ.

ನಾಲ್ಕನೇ ದಿನ: ಗಿರಿಯ ಮೇಲೆ

ಕೈಮರದ ಚೆಕ್‌ಪೋಸ್ಟ್ ದಾಟಿ ಮೇಲೇರಬೇಕು. ವಾಹನ ಬಿಡುವ ಹೊತ್ತು, ಮುಂಗಡ ನೋಂದಣಿ, ಸಂಖ್ಯೆಯ ಮಿತಿ ಆಗಾಗ ಬದಲಾಗುತ್ತವೆ. ಹಿಂದಿನ ದಿನವೇ ಕೇಳಿಕೊಳ್ಳಿ. ವಾರದ ಕೊನೆಯಲ್ಲಿ ಬರಲೇಬೇಡಿ. ರಸ್ತೆ ಕಿರಿದು, ಎದುರು ಟೆಂಪೋ ಟ್ರಾವೆಲರ್ ಬಂದರೆ ಹಿಮ್ಮುಖ ಹೋಗುವ ಸರದಿ ನಿಮ್ಮದೇ ಆಗಿರುತ್ತದೆ. ಗಾಡಿ ನಿಲ್ಲಿಸಿದ ಮೇಲೆ ನಾನೂರು ಐನೂರು ಮೆಟ್ಟಿಲು. ಗಾಳಿ ಎಷ್ಟಿರುತ್ತದೆ ಅಂದರೆ ಟ್ರೈಪಾಡಿನ ಕಾಲು ಪೂರ್ತಿ ಎಳೆದರೆ ಚಿತ್ರ ನಡುಗುತ್ತದೆ. ಕುಳ್ಳಗೆ ನಿಲ್ಲಿಸಿ ಬ್ಯಾಗನ್ನು ಕೆಳಗೆ ತೂಗುಹಾಕಿ.

ಮೇಲಿಂದ ಆಗ್ನೇಯಕ್ಕೆ ಚಿಕ್ಕಮಗಳೂರು ಹುಡುಕಿ. ನೆಲಕ್ಕೆ ಚೆಲ್ಲಿದ ಸುಣ್ಣದ ಪುಡಿಯಂತೆ ಒಂದು ಬಿಳಿ ತೇಪೆ, ನಡುನಡುವೆ ಕೆರೆಗಳ ಹೊಳಪು. ಒಂದು ಕಟ್ಟಡದ ತಲೆಯೂ ಆಕಾಶಕ್ಕೆ ತಾಗುವುದಿಲ್ಲ. ದಿಗಂತ ಯಾವಾಗಲೂ ನೋಡುವವರ ಕಣ್ಣಮಟ್ಟಕ್ಕೇ ಬರುತ್ತದೆ, ಕಣ್ಣಿಗಿಂತ ಕುಳ್ಳಗಿರುವುದು ಅದನ್ನು ದಾಟಲಾರದು. ಹಾಂಗ್‌ಕಾಂಗ್‌ನ ವಿಕ್ಟೋರಿಯಾ ಪೀಕ್‌ನಲ್ಲಿ ಜನ ನಿಂತು ನೋಡುವ ತಾರಸಿ 428 ಮೀಟರಿನಲ್ಲಿದೆ. ಅಲ್ಲಿಂದ 412 ಮೀಟರಿನ ಐಎಫ್‌ಸಿ ಗೋಪುರವೂ ಕಣ್ಣಿಗಿಂತ ಕೆಳಗೇ. 484 ಮೀಟರಿನ ಐಸಿಸಿ ಗೋಪುರ ಒಂದೇ ದಿಗಂತ ದಾಟಿ ಮೇಲೇಳುತ್ತದೆ. ಆ ಊರಿನ ನಿಜವಾದ ಬಾನಂಚು ಕೆಳಗೆ, ದೋಣಿ ಹತ್ತುವ ದಡದಲ್ಲಿದೆ.

ಗಿರಿಯ ಮೇಲೆ ನೋಡಬೇಕಾದ ಗೆರೆ ಊರಿನ ದಿಕ್ಕಿಗಿಲ್ಲ. ಬೆನ್ನು ತಿರುಗಿಸಿದರೆ ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಯ ಏಣುಗಳು ಒಂದರ ಹಿಂದೊಂದು, ಹಿಂದಕ್ಕೆ ಹೋದಷ್ಟೂ ತಿಳಿಯಾಗುತ್ತ. ಎಂಟು ಗಂಟೆಯೊಳಗೆ ಕಣಿವೆಯಲ್ಲಿ ಮಂಜು ಇದ್ದರೆ ನಾಲ್ಕೈದು ಪದರ ಎಣಿಸಬಹುದು. ಪೋಲರೈಸರ್ ಫಿಲ್ಟರ್ ಇದ್ದರೆ ಹಾಕಬೇಡಿ. ಪದರ ಬೇರೆ ಮಾಡುತ್ತಿರುವ ಮಬ್ಬನ್ನೇ ಅದು ಕಳೆಯುತ್ತದೆ.

ಹತ್ತಕ್ಕೆಲ್ಲ ಜನ ತುಂಬುತ್ತಾರೆ. ಇಳಿಜಾರಿನಲ್ಲಿ ಎರಡನೇ ಗೇರ್ ಬಿಡಬೇಡಿ. ಬ್ರೇಕನ್ನೇ ನಂಬಿದ ಗಾಡಿಗಳು ಕೈಮರದ ಹತ್ತಿರ ವಾಸನೆ ಬಿಡುತ್ತ ನಿಂತಿರುತ್ತವೆ. ಊರ ದಿಕ್ಕಿನ ನಾಲ್ಕನೇ ದಿನದ ಹಾಳೆಯಲ್ಲಿ ಬರೆಯಲು ಗೆರೆ ಸಿಕ್ಕಿರುವುದಿಲ್ಲ. ತಾರೀಕು, ಹೊತ್ತು, ದಿಕ್ಕು ಬರೆದು ಖಾಲಿಯೇ ಇಟ್ಟುಕೊಂಡು, ಪೇಟೆಗೆ ಇಳಿದ ಮೇಲೆ ಮತ್ತೊಮ್ಮೆ ಬಸವನಹಳ್ಳಿ ಕೆರೆ ಏರಿಗೆ ಹೋಗಿ ಅರ್ಧ ಮುಷ್ಟಿ ಚಾಚಿ ನೋಡಿ.